ಮಾತ್ರೆ ಹತ್ತು, ಹೊತ್ತು ನಾಲ್ಕು: ಕಿಡ್ನಿ ಮದ್ದು ತಪ್ಪದ ಹಾಗೆ ನೋಡಿಕೊಳ್ಳುವುದು ಹೇಗೆ?

ಕಿಡ್ನಿ ತೊಂದರೆ ಇರುವವರ ಮನೆಯ ಮದ್ದಿನ ಡಬ್ಬ ನೋಡಿದ್ದೀರಾ? ಬಿಪಿಗೆ ಎರಡು, ಶುಗರ್‌ಗೆ ಒಂದು, ಕಾಲು ಊತಕ್ಕೆ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ರಕ್ತದ ಆಮ್ಲ ತಗ್ಗಿಸುವ ಸೋಡಾ ಮಾತ್ರೆ, ಕಬ್ಬಿಣದ್ದು, ರಂಜಕ (ಫಾಸ್ಫರಸ್) ಹಿಡಿಯುವುದು, ಹೀಗೆ ಡಬ್ಬ ತುಂಬ. ಕೇಳಿದರೆ "ಮರೆತುಹೋಯಿತು" ಅನ್ನುತ್ತಾರೆ. ನನಗೇನೋ ಮರೆವಿಗಿಂತ ಜಾಸ್ತಿ ತೊಂದರೆ ಕೊಡುವುದು ಮಾತ್ರೆಯ ಹೊತ್ತಿಗೂ ಮನೆಯ ಹೊತ್ತಿಗೂ ತಾಳೆಯಾಗದೇ ಇರುವುದು ಅನ್ನಿಸುತ್ತದೆ. ಅದನ್ನು ಸರಿ ಮಾಡಿಕೊಳ್ಳಬಹುದು.

ಮೊದಲು ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್ ಮೇಜಿನ ಮೇಲೆ ಸುರಿಯಿರಿ, ಹಳೆಯದೂ ಸೇರಿ. ಊರಿನ ಡಾಕ್ಟರ್ ಬರೆದ ಬ್ರ್ಯಾಂಡ್ ಒಂದು, ದೊಡ್ಡಾಸ್ಪತ್ರೆಯಲ್ಲಿ ಬರೆದದ್ದು ಇನ್ನೊಂದು, ಹಿಂದೆ ತಿರುಗಿಸಿ ಓದಿದರೆ ಎರಡರ ಒಳಗೂ ಟೆಲ್ಮಿಸಾರ್ಟಾನ್ ಅನ್ನುವ ಅದೇ ಬಿಪಿ ಮದ್ದು ಇರಬಹುದು. ಹಾಗೆ ಸಿಕ್ಕಿದರೆ ಡಾಕ್ಟರಿಗೆ ತೋರಿಸಿ. ಪ್ರತಿ ಸ್ಟ್ರಿಪ್ ಮೇಲೂ ಮಾರ್ಕರಿನಲ್ಲಿ ಯಾವುದಕ್ಕೆ ಅಂತ ಕನ್ನಡದಲ್ಲೇ ಬರೆಯಿರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಇದ್ದರೆ ಡಬ್ಬದಿಂದ ಹೊರಗಿಡಿ. ಸೊಂಟ ನೋವು ಅಂತ ಸುಮ್ನೆ ನುಂಗುವ ಅವು ಕಿಡ್ನಿಯನ್ನು ಇನ್ನೂ ಹಾಳು ಮಾಡುತ್ತವೆ.

ಇನ್ನು ಹೊತ್ತಿನ ವಿಷಯ. ಅತಿ ಹೆಚ್ಚು ತಪ್ಪಿಹೋಗುವುದು ರಂಜಕ ಹಿಡಿಯುವ ಮಾತ್ರೆ: ಸೆವೆಲಮರ್, ಕ್ಯಾಲ್ಸಿಯಂ ಅಸಿಟೇಟ್. ಇವು ಊಟದಲ್ಲಿರುವ ರಂಜಕವನ್ನು ಹೊಟ್ಟೆಯೊಳಗೇ ಹಿಡಿದು ಹೊರಗೆ ಕಳಿಸುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಅಂದರೆ ಊಟದ ಜೊತೆಗೇ ಬೇಕು. ಉಂಡು ಎರಡು ಗಂಟೆ ಆದ ಮೇಲೆ ನೆನಪಾದರೆ ಆ ಹೊತ್ತಿನದ್ದು ಬಿಟ್ಟುಬಿಡಿ, ಖಾಲಿ ಹೊಟ್ಟೆಗೆ ಕೆಲಸವಿಲ್ಲ. ಚೀಟಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಇರುತ್ತದೆ, ನಮ್ಮಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಬರೀ ಚಾ ಕುಡಿದು ಹತ್ತು ಗಂಟೆಗೆ ಗಂಜಿ ಉಣ್ಣುವವರು, ಅಲ್ವಾ? ಹಾಗಾದರೆ ಅದನ್ನು ಡಾಕ್ಟರಿಗೆ ಹೇಳಿ, ಮಾತ್ರೆಯನ್ನು ಗಂಜಿ ಬಟ್ಟಲಿನ ಪಕ್ಕವೇ ಇಡಿ. ಮದುವೆ ಊಟಕ್ಕೆ ಹೋಗುವಾಗ ಕಿಸೆಯಲ್ಲಿ ಒಂದೆರಡು ಇರಲಿ. ಕಬ್ಬಿಣದ ಮಾತ್ರೆಯನ್ನು ಚಾ ಜೊತೆಗೂ ಬೇಡ, ಕ್ಯಾಲ್ಸಿಯಂ ಜೊತೆಗೂ ಬೇಡ.

ನೀರಿನ ಮಾತ್ರೆ ಬೆಳಿಗ್ಗೆ ತೆಗೆದುಕೊಂಡರೆ ರಾತ್ರಿ ಎದ್ದೇಳುವುದು ತಪ್ಪುತ್ತದೆ. ಆದರೆ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಕೂತವರಿಗೆ ಮಧ್ಯೆ ಇಳಿಯಲಾಗುವುದಿಲ್ಲ, ಹೆಂಗಸರಿಗಂತೂ ಇನ್ನೂ ಕಷ್ಟ. ಹಾಗಾಗಿ ಪೇಟೆಗೆ ಹೋಗುವ ದಿನ ಎಷ್ಟೋ ಮಂದಿ ಮಾತ್ರೆಗೆ ರಜೆ ಕೊಟ್ಟುಬಿಡುತ್ತಾರೆ! ಬಿಡುವ ಬದಲು, ಮನೆಗೆ ಬಂದ ಮೇಲೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಕೇಳಲು ನಾಚಿಕೆ ಪಡುವಂಥದ್ದೇನಿಲ್ಲ.

ಡಯಾಲಿಸಿಸ್ ದಿನದ ಲೆಕ್ಕ ಬೇರೆ. ಕೆಲವರಿಗೆ ಡಯಾಲಿಸಿಸ್ ನಡೆಯುವಾಗಲೇ ಬಿಪಿ ಇಳಿಯುತ್ತದೆ, ಅಂಥವರಿಗೆ ಬಿಪಿ ಮಾತ್ರೆ ಮುಗಿಸಿ ಬಂದ ಮೇಲೆ ಅಂತ ಹೇಳಿರುತ್ತಾರೆ. ನಿಮಗೆ ಹೇಗೆ ಅಂತ ಕೇಳಿ, ಕ್ಯಾಲೆಂಡರಿನ ಆ ದಿನಗಳ ಮೇಲೆ ಬರೆದಿಡಿ. ಕಿಡ್ನಿ ಕಸಿ ಆದವರಿಗೆ, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದ ಹಾಗೆ ಕೊಡುವ ಟ್ಯಾಕ್ರೊಲಿಮಸ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ರಾತ್ರಿಯಿಡೀ ಯಕ್ಷಗಾನ ಆಟ ನೋಡಲು ಹೋದರೂ, ಭೂತಕೋಲಕ್ಕೆ ಹೋದರೂ ಮೊಬೈಲ್ ಅಲಾರಂ ಇರಲಿ. ರಕ್ತದಲ್ಲಿ ಈ ಮದ್ದಿನ ಲೆವೆಲ್ ನೋಡುವ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ಚಕ್ಕೋತ ಹಣ್ಣು ಬೇಡ, ಅದು ರಕ್ತದಲ್ಲಿ ಮದ್ದಿನ ಮಟ್ಟ ಏರಿಸುತ್ತದೆ.

ವಾಂತಿ ಭೇದಿ ಆದರೆ ಮಾತ್ರ ಹಠದಿಂದ ನುಂಗಬೇಡಿ. ಟೆಲ್ಮಿಸಾರ್ಟಾನ್, ನೀರಿನ ಮಾತ್ರೆ, ಶುಗರ್‌ಗೂ ಕಿಡ್ನಿಗೂ ಕೊಡುವ ಡಪಾಗ್ಲಿಫ್ಲೋಜಿನ್ ಇಂಥವನ್ನು ಆಗ ಸ್ವಲ್ಪ ದಿನ ನಿಲ್ಲಿಸಬೇಕಾಗಬಹುದು. ಫೋನ್ ಮಾಡಿ ಕೇಳಿ. ಉಪವಾಸ, ರಂಜಾನ್ ಇದ್ದರೆ ಮೊದಲೇ ಕೇಳಿ. ತಪ್ಪಿದ್ದಕ್ಕೆ ಎರಡು ಒಟ್ಟಿಗೆ ನುಂಗುವುದು ಯಾವತ್ತೂ ಬೇಡ.

ದುಡ್ಡಿಲ್ಲ ಅಂತ ದಿನ ಬಿಟ್ಟು ದಿನ ತೆಗೆದುಕೊಳ್ಳುವವರೂ ಇದ್ದಾರೆ. ಅದರ ಬದಲು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುವ ಮದ್ದು ಬರೆದುಕೊಡಿ ಅಂತ ಕೇಳಬಹುದು, ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮದ್ದು ಬಿಟ್ಟು ಬಿಂಬುಳಿ ಜ್ಯೂಸ್, ದಾರೆಹುಳಿ (ಸ್ಟಾರ್ ಫ್ರೂಟ್) ರಸ ಕುಡಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಲೇಬೇಡಿ ಮಾರಾಯ್ರೇ. ಎರಡರಲ್ಲೂ ಕಿಡ್ನಿಗೆ ಹಾನಿ ಮಾಡುವ ಆಕ್ಸಲೇಟ್ ಜಾಸ್ತಿ, ಕಿಡ್ನಿ ಸೋತವರಿಗೆ ದಾರೆಹುಳಿಯಿಂದ ಬಿಡದ ಬಿಕ್ಕಳಿಕೆ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು.

ಮಳೆಗಾಲದಲ್ಲಿ ವಾರದ ಮಾತ್ರೆ ಒಟ್ಟಿಗೆ ಬಿಡಿಸಿಡಬೇಡಿ, ತೇವ ಹಿಡಿಯುತ್ತದೆ. ಸ್ಟ್ರಿಪ್ ಸಮೇತ ಕತ್ತರಿಸಿ ಡಬ್ಬಕ್ಕೆ ಹಾಕಿ.

ಚೆಕಪ್ಪಿಗೆ ಹೋಗುವಾಗ ಚೀಟಿ ಮಾತ್ರ ಸಾಲದು, ಉಳಿದ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದು ಬಿಟ್ಟಿದ್ದೀರಿ, ಯಾಕೆ ಬಿಟ್ಟಿದ್ದೀರಿ ಅಂತ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಟ್ಟರೆ ಬಿಪಿ ಇಳಿದಿಲ್ಲ ಅಂತ ಡಾಕ್ಟರ್ ಇನ್ನೊಂದು ಮಾತ್ರೆ ಸೇರಿಸುತ್ತಾರೆ, ಅಷ್ಟೇ.