ಮಳೆಗಾಲ ಮುಗಿದ ಮೇಲೆ ಗಾಡಿಮನೆ ತೆರೆಯುವುದು

ಜೂನ್‌ನಲ್ಲಿ ನಿಲ್ಲಿಸಿದ ಗಾಡಿಯ ಬಾಗಿಲನ್ನು ಅಕ್ಟೋಬರ್‌ನಲ್ಲಿ ತೆಗೆದರೆ ಮೊದಲು ಎದುರಿಗೆ ಬರುವುದು ವಾಸನೆ. ಒದ್ದೆ ಗೋಣಿಚೀಲ, ಹಳೇ ಚಪ್ಪಲಿ, ಮುಚ್ಚಿಟ್ಟು ಮರೆತ ಟಿಫಿನ್ ಡಬ್ಬಿ, ಮೂರೂ ಸೇರಿದ ವಾಸನೆ. ಮಡಿಕೇರಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ತಗಡಿನ ಗಾಡಿಯನ್ನು ಬಿಡುತ್ತದೆಯೇ?

ನಮ್ಮದು ಹಳೇ ಟೆಂಪೋ ಟ್ರಾವೆಲರ್. ನಮ್ಮವರು ಬಸ್ ಡ್ರೈವರ್ ಆಗಿ ರಿಟೈರ್ ಆದವರು, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಸೀಟು ತೆಗೆಸಿ, ಆರ್‌ಟಿಒದಲ್ಲಿ ಕಾಗದಪತ್ರ ಸರಿಮಾಡಿಸಿ, ಎರಡು ಮಂಚ, ಒಂದು ಪುಟ್ಟ ಸಿಂಕು, 60 ಲೀಟರಿನ ನೀರಿನ ಟ್ಯಾಂಕು ಹಾಕಿಸಿಕೊಂಡೆವು. ಮಳೆ ನಿಂತ ಮೇಲೆ ಹೊರಟು ಬಯಲುಸೀಮೆ, ಕರಾವಳಿ ಸುತ್ತುತ್ತೇವೆ. ಮಳೆಗಾಲದಲ್ಲಿ ಗಾಡಿ ಶೆಡ್ಡಿನಲ್ಲಿ, ನಾವು ಒಲೆ ಮುಂದೆ.

ಮೊದಲು ಬೂಷ್ಟಿನ ವಿಷಯ. ಮಳೆ ಇಲ್ಲದ ದಿನ ನೋಡಿ ಎಲ್ಲ ಬಾಗಿಲು ಕಿಟಕಿ ತೆಗೆದಿಡಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಒಣಬಟ್ಟೆಯಿಂದ ಕೊಡವಬೇಡಿ, ಪೊರಕೆಯನ್ನಂತೂ ಹಿಡಿಯಲೇಬೇಡಿ. ಆ ಬೂದುಬಣ್ಣದ ಪುಡಿಯೆಲ್ಲ ಬೂಷ್ಟಿನ ಬೀಜ ಇದ್ದ ಹಾಗೆ. ಕೊಡವಿದರೆ ಇಡೀ ಗಾಡಿಯಲ್ಲಿ ಬಿತ್ತನೆ ಮಾಡಿದಂತೆ. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರನ್ನು ನೀರು ಬೆರೆಸದೆ ಸ್ಪ್ರೇ ಬಾಟಲಿಗೆ ತುಂಬಿ, ಬೂಷ್ಟಿರುವಲ್ಲೆಲ್ಲ ಒದ್ದೆಯಾಗುವಷ್ಟು ಸಿಂಪಡಿಸಿ. ಒಂದು ಗಂಟೆ ಬಿಡಿ. ಆಮೇಲೆ ಹಳೇ ಪಂಚೆಯ ತುಂಡಿನಿಂದ ಒರೆಸಿ, ನೀರು ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಲು ಬಿಡಿ. ರೆಕ್ಸಿನ್ ಸೀಟಿನ ಮೇಲೆ ಹಾಕುವ ಮುಂಚೆ ಕಾಣದ ಮೂಲೆಯಲ್ಲಿ ಒಂದು ತೊಟ್ಟು ಹಾಕಿ ನೋಡಿ. ಬಣ್ಣ ಬಿಟ್ಟರೆ ಆಮೇಲೆ ಬೈಯುವುದು ನನ್ನನ್ನೇ ಅಲ್ವಾ?

ವಿನೆಗರ್ ಬದಲು ಕಾಚಂಪುಳಿ (ನಮ್ಮ ಕೊಡಗಿನ ಹಣ್ಣಿನ ಹುಳಿ) ಹಾಕಬಹುದಾ ಎಂದು ನಾದಿನಿ ಕೇಳಿದಳು. ಹುಳಿಯೇನೋ ಹುಳಿಯೇ. ಆದರೆ ಕಾಚಂಪುಳಿ ಹಂದಿಸಾರಿಗೆ ಇರುವುದು. ಅದರ ಬೆಲೆ ಗೊತ್ತಿದ್ದವರು ಸೀಟು ಒರೆಸಲು ಬಳಸುವುದಿಲ್ಲ. ಕರಿ ಬಣ್ಣ ಬೇರೆ, ಕಲೆ ಗ್ಯಾರಂಟಿ.

ಅಡುಗೆ ಸೋಡಾವನ್ನೂ ವಿನೆಗರನ್ನೂ ಬೆರೆಸಿ ಇಟ್ಟುಕೊಂಡರೆ ಎರಡು ಪಟ್ಟು ಕೆಲಸ ಮಾಡುತ್ತದೆ ಎಂದು ಜಾಸ್ತಿ ಜನ ನಂಬಿದ್ದಾರೆ. ಇಲ್ಲ. ಬುಸ್ ಎಂದು ನೊರೆ ಬರುತ್ತದೆ, ನೋಡಲು ಖುಷಿ. ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಹುಳಿಯೂ ಹೋಯಿತು, ಸೋಡಾವೂ ಹೋಯಿತು. ಬೇರೆ ಬೇರೆಯಾಗಿ ಬಳಸಿ. ಜಿಡ್ಡಿಗೆ, ಕೆಟ್ಟ ವಾಸನೆಗೆ ಸೋಡಾ. ಬೂಷ್ಟಿಗೆ, ಬಿಳಿ ಉಪ್ಪಿನ ಕಲೆಗೆ ವಿನೆಗರ್. ನಮ್ಮ ಊರಿನ ಮೃದು ನೀರಿನಲ್ಲಿ ಆ ಬಿಳಿ ಕಲೆ ಗೊತ್ತೇ ಇರಲಿಲ್ಲ. ಚಿತ್ರದುರ್ಗದ ಕಡೆ ಹತ್ತು ದಿನ ಬೋರ್‌ವೆಲ್ ನೀರು ಕಾಯಿಸಿದ ಮೇಲೆ ಕೆಟಲ್ ಒಳಗೆ ಸುಣ್ಣ ಬಳಿದ ಹಾಗಾಗಿತ್ತು. ಅರ್ಧ ನೀರು, ಅರ್ಧ ವಿನೆಗರ್ ಹಾಕಿ ಕುದಿಸಿ ಅರ್ಧ ಗಂಟೆ ಬಿಟ್ಟೆ. ಎದ್ದು ಬಂತು. ನಿಂಬೆರಸವೂ ಆಗುತ್ತದೆ.

ಈಗ ನನ್ನ ಮರ್ಯಾದೆ ಹೋದ ಕಥೆ. ಮೊದಲ ವರ್ಷ ಮನೆಯ ಬಚ್ಚಲಲ್ಲಿ ಗಾಡಿಯ ಕಮೋಡಿನ ಡಬ್ಬಿ ತೊಳೆಯುತ್ತಿದ್ದೆ. ಕಕ್ಕಸು ತೊಳೆಯುವ ಆಸಿಡ್ ಹಾಕಿದ್ದೆ. ಕಲೆ ಹೋಗಲಿಲ್ಲ ಎಂದು ಮೇಲಿಂದ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು. ಹೊರಗೆ ಓಡಿ ಬಂದು ಹಲಸಿನ ಮರದ ಬುಡದಲ್ಲಿ ಕೂತೆ. ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಇದನ್ನೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವಳು ನಾನು! ವಿನೆಗರ್ ಕೂಡ ಆಸಿಡ್ಡೇ, ನೆನಪಿರಲಿ. ಅದಕ್ಕೇ ಈಗ ನಮ್ಮಲ್ಲಿ ವಿನೆಗರ್ ದಿನ ಬೇರೆ, ಬ್ಲೀಚ್ ದಿನ ಬೇರೆ.

ಬ್ಲೀಚ್ ಬೇಕಾಗುವುದು ಟ್ಯಾಂಕಿಗೆ. ನಾಲ್ಕು ತಿಂಗಳು ಸುಮ್ನೆ ಇದ್ದ ಟ್ಯಾಂಕಿನ ಗೋಡೆಗೆ ಲೋಳೆ ಕಟ್ಟಿರುತ್ತದೆ. ಸುವಾಸನೆ ಬೆರೆಸದ, ಸುಮಾರು 5 ಶೇಕಡದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಅಂದರೆ ದ್ರವ ಬ್ಲೀಚ್, ತೆಗೆದುಕೊಳ್ಳಿ. ಲೆಕ್ಕ ಸುಲಭ, ಒಂದು ಲೀಟರಿಗೆ 1 ಮಿಲಿ. ನಮ್ಮ ಟ್ಯಾಂಕಿಗೆ 60 ಮಿಲಿ. ಅದನ್ನು ಒಂದು ಬಕೆಟ್ ನೀರಿನಲ್ಲಿ ಬೆರೆಸಿ ಸುರಿದು, ಮೇಲೆ ಟ್ಯಾಂಕ್ ತುಂಬಿಸಿ. ನಲ್ಲಿ ತಿರುಗಿಸಿ ಬ್ಲೀಚ್ ವಾಸನೆ ಬರುವ ತನಕ ಬಿಡಿ, ಪೈಪಿನೊಳಗೂ ಹೋಗಬೇಕಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಹೋಗುವ ತನಕ ಒಳ್ಳೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಈ ನೀರನ್ನು ತೋಡಿಗೋ ಕೆರೆಗೋ ಬಿಡಬೇಡಿ. ಮೀನು ಸಾಯುತ್ತದೆ.

ಇಷ್ಟೆಲ್ಲ ತಿಕ್ಕುವ ಬದಲು ತೇವವನ್ನೇ ಕಡಿಮೆ ಮಾಡಬಾರದಾ ಎಂದು ಎರಡನೇ ವರ್ಷ ಹೊಳೆಯಿತು. ದಾರಿ ತೋರಿಸಿದ್ದು ಅಡುಗೆಮನೆಯ ಉಪ್ಪಿನ ಭರಣಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದು ತಾನಾಗಿ ನೀರು ಬಿಡುತ್ತದೆ. ಗಾಳಿಯಲ್ಲಿ ತೇವಾಂಶ 75 ಶೇಕಡ ದಾಟಿತೆಂದರೆ ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಜುಲೈಯಲ್ಲಿ ಅದಕ್ಕಿಂತ ಕೆಳಗೆ ಇಳಿಯುವುದು ಯಾವಾಗ? ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ನಡುವೆ ಕತ್ತರಿಸಿ. ಮುಚ್ಚಳಕ್ಕೆ ಕಾದ ಮೊಳೆಯಿಂದ ಆರೇಳು ತೂತು ಮಾಡಿ. ಮೇಲಿನ ಅರ್ಧವನ್ನು ತಲೆಕೆಳಗು ಮಾಡಿ ಕೆಳಗಿನ ಅರ್ಧದೊಳಗೆ ಕೂರಿಸಿ, ಬಟ್ಟೆ ಹಾಸಿ, ಅರ್ಧ ಕೆಜಿ ಕಲ್ಲುಪ್ಪು ಸುರಿಯಿರಿ. ಪುಡಿ ಉಪ್ಪು ಬೇಡ, ಗಟ್ಟಿ ಕಟ್ಟುತ್ತದೆ. ನೀರು ಹನಿ ಹನಿಯಾಗಿ ಕೆಳಗೆ ಇಳಿಯುತ್ತದೆ. ವಾರಕ್ಕೊಮ್ಮೆ ಚೆಲ್ಲಿ, ಉಪ್ಪನ್ನು ಹಳೇ ಬಾಣಲೆಯಲ್ಲಿ ಹುರಿದು ಮತ್ತೆ ತುಂಬಿ. ನಾವು ಇಂಥ ನಾಲ್ಕು ಇಡುತ್ತೇವೆ. ಬಾಗಿಲು ಮುಚ್ಚಿದ್ದರೆ ಮಾತ್ರ ಇದರಿಂದ ಉಪಯೋಗ.

ಒಂದು ಎಚ್ಚರ. ನಮ್ಮವರು ಒಂದು ಬಾಟಲಿಯನ್ನು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟರು. ಉಪ್ಪುನೀರು ಸೋರಿ ಬಳೆಯ ಆಕಾರದಲ್ಲಿ ತುಕ್ಕು ಹಿಡಿಯಿತು, ಇನ್ನೂ ಇದೆ. ಕೆಳಗೆ ಪ್ಲಾಸ್ಟಿಕ್ ಟ್ರೇ ಇಡಿ. ಹಳೆಯದಾದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಬಿಗಿದರೆ ಕಾಲಿಗೆ ಹತ್ತಿದ ಜಿಗಣೆ ಬಿಡಿಸಲು ಆಯಿತು. ಅದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಕಾಫಿ ಚರಟವನ್ನು ನಾವು ಎಸೆಯುವುದಿಲ್ಲ. ಫಿಲ್ಟರಿನಿಂದ ತೆಗೆದು ಪೇಪರ್ ಮೇಲೆ ಹರಡಿ ಬಿಸಿಲಿನಲ್ಲಿ ಒಣಗಿಸಿದರೆ ಕಬ್ಬಿಣದ ಕಾವಲಿ ತಿಕ್ಕಲು ಚೆನ್ನ. ಮೀನು ತೊಳೆದ ಕೈಗೂ ಒಳ್ಳೆಯದು. ಒಣಗಿಸದೆ ಇಟ್ಟರೆ ಎರಡೇ ದಿನದಲ್ಲಿ ಅದಕ್ಕೇ ಬೂಷ್ಟು. ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ. ಬಿಳಿ ಪಿಂಗಾಣಿಗೆ ಹಾಕಿದರೆ ಕಲೆ.

ಇನ್ನು ಕೊಡೆ. ಪ್ರತಿ ಮಳೆಗಾಲಕ್ಕೆ ನಮ್ಮ ಮನೆಯಲ್ಲಿ ಎರಡಾದರೂ ಕೊಡೆ ಸಾಯುತ್ತವೆ. ಕಡ್ಡಿ ಮುರಿದಿರುತ್ತದೆ, ಬಟ್ಟೆ ಗಟ್ಟಿಯಾಗೇ ಇರುತ್ತದೆ. ಕಡ್ಡಿಗೆ ಹಾಕಿದ ಹೊಲಿಗೆಗಳನ್ನು ಬ್ಲೇಡಿನಿಂದ ಬಿಡಿಸಿ, ತುದಿಯ ಟೋಪಿಗಳನ್ನು ಕಿತ್ತು, ಬಟ್ಟೆಯನ್ನು ಇಡಿಯಾಗಿ ಬಿಚ್ಚಿ. ತೊಳೆದು ಒಣಗಿಸಿ ಅರ್ಧಕ್ಕೆ ಮಡಿಸಿದರೆ ಅರ್ಧಚಂದ್ರ. ಮಡಿಕೆಯಾದ ನೇರ ಅಂಚು ಕೆಳಗಿರಲಿ. ಎರಡೂ ತುದಿಯಿಂದ ಕಮಾನಿನ ಮೇಲೆ ಮುಕ್ಕಾಲು ಭಾಗ ಹೊಲಿದು, ನಡುವೆ ಒಂದು ಗೇಣು ಬಾಯಿ ಬಿಡಿ. ಬಾಯಿಯ ಅಂಚು ಮಡಿಸಿ ಲಾಡಿ ತೂರಿಸಿ. ಒದ್ದೆ ಚಪ್ಪಲಿಗೆ ಒಂದು, ಒದ್ದೆ ಬಟ್ಟೆಗೆ ಒಂದು. ಹೊಲಿಗೆಯ ತೂತುಗಳ ಮೇಲೆ ಮೇಣದಬತ್ತಿ ಉಜ್ಜಿದರೆ ನೀರು ಸೋರುವುದು ಕಡಿಮೆ. ಕಡ್ಡಿಗಳನ್ನೂ ಎಸೆಯಬೇಡ ಮಾರಾಯ್ತಿ ಎಂದು ನಮ್ಮವರು ಒಂದು ಡಬ್ಬಿ ತುಂಬ ಇಟ್ಟಿದ್ದರು. ಎರಡು ವರ್ಷ ಒಂದೂ ಉಪಯೋಗಕ್ಕೆ ಬರಲಿಲ್ಲ. ಗುಜರಿಗೆ ಕೊಟ್ಟೆ. ಗಾಡಿಯಲ್ಲಿ ಜಾಗ ಅದಕ್ಕಿಂತ ತುಟ್ಟಿ.

ಎಲ್ಲ ಆದ ಮೇಲೂ ಹಾಸಿಗೆಯೊಳಗೆ ತೇವ ಉಳಿದಿರುತ್ತದೆ. ಅದಕ್ಕೆ ಮಡಿಕೇರಿಯ ಬಿಸಿಲು ನಂಬಬೇಡಿ. ಇಲ್ಲಿ ಮಂಜು ಮುಸುಕಿದ್ದರೂ ಸುಮಾರು 30 ಕಿಲೋಮೀಟರ್ ಕೆಳಗೆ ಕುಶಾಲನಗರದಲ್ಲಿ ಎಷ್ಟೋ ಸಲ ಚುರುಗುಟ್ಟುವ ಬಿಸಿಲು ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬುತ್ತಿ ಕಟ್ಟಿಕೊಂಡು ಗಾಡಿ ಇಳಿಸುತ್ತೇವೆ. ರಸ್ತೆಯಿಂದ ಒಳಗೆ ಒಂದು ಬಯಲು ನೋಡಿ ನಿಲ್ಲಿಸಿ, ಎಲ್ಲ ಬಾಗಿಲು ತೆಗೆದು, ಹಾಸಿಗೆ, ದಿಂಬು, ಮಂಚದ ಹಲಗೆ ಹೊರಗೆ ಹರಡಿ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ, ನಾಲ್ಕಕ್ಕೆ ಕಟ್ಟಿಡುತ್ತೇವೆ. ಹೋದ ಸಲ ಬೈಕಿನಲ್ಲಿ ಬಂದವರೊಬ್ಬರು ನಿಲ್ಲಿಸಿ, ದಿಂಬು ಒತ್ತಿ ನೋಡಿ, "ಜೋಡಿಗೆ ಎಷ್ಟು?" ಎಂದು ಕೇಳಿದರು. ನಮ್ಮವರು ಬೆಲೆ ಹೇಳುವವರೇ ಇದ್ದರು.