ರಜೆಯಲ್ಲಿ ನೆರಳು ಅಳೆದ ವಾಟ್ಸಾಪ್ ಗ್ರೂಪ್

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಮೇಷ್ಟ್ರು. ಮೊದಲ ವರ್ಷ ಬೇಸಿಗೆ ರಜೆ ಶುರುವಾದ ದಿನವೇ ಏಳನೇ ಕ್ಲಾಸಿನ ಗ್ರೂಪಿಗೆ 18 ಪುಟದ ಲೆಕ್ಕದ ಪಿಡಿಎಫ್ ಹಾಕಿದೆ. ಮೂವರು ಅಪ್ಪಂದಿರು ಕೈಮುಗಿಯೋ ಚಿತ್ರ ಕಳಿಸಿದರು. ಲೆಕ್ಕ ಮಾಡಿದವರು ಒಬ್ಬರೂ ಇಲ್ಲ. ಆಮೇಲೆ ಇಡೀ ತಿಂಗಳು ಬರೀ ಗುಡ್ ಮಾರ್ನಿಂಗ್ ಹೂವು.

ಈಗ ಪಾಠ ಕಳಿಸುವುದಿಲ್ಲ. ವಾರಕ್ಕೆ ಎರಡೇ ಪ್ರಶ್ನೆ. ಉತ್ತರ ಮನೆಯಲ್ಲೋ ಹಿತ್ತಲಲ್ಲೋ ಸಿಗುವಂತಿರಬೇಕು.

ಪ್ರಶ್ನೆ ಹಾಕುವುದು ಸಂಜೆ ಏಳಕ್ಕೆ. ಫೋನ್ ಅಪ್ಪನದು, ಅಪ್ಪ ಕೆಲಸದಿಂದ ಬರುವುದೇ ಆಗ. ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಇಟ್ಟಿರಿ. ಏಳರಿಂದ ಎಂಟೂವರೆವರೆಗೆ ಎಲ್ಲರಿಗೂ ತೆರೆದು, ಮತ್ತೆ ಮುಚ್ಚಿ. ಹೂವಿನ ಕಾಟ ಅಲ್ಲಿಗೆ ಮುಗಿಯಿತು. ಉತ್ತರ ಒಂದು ಫೋಟೋ, ಇಲ್ಲವೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್. ವಿಡಿಯೋ ಬೇಡ, ಡೇಟಾ ಜಾಸ್ತಿ ತಿನ್ನುತ್ತೆ. ಮಕ್ಕಳ ಮುಖವೂ ಫೋಟೋದಲ್ಲಿ ಬೇಡ. ಫೋನಿಲ್ಲದ ಮಗುವನ್ನು ಪಕ್ಕದ ಮನೆಯ ಮಗುವಿನ ಜೊತೆ ರಜೆಗೆ ಮುಂಚೆಯೇ ಜೋಡಿ ಮಾಡಿ.

ಎಲ್ಲಕ್ಕಿಂತ ಚೆನ್ನಾಗಿ ನಡೆದಿದ್ದು ನೆರಳಿನ ಪ್ರಶ್ನೆ. ನಮ್ಮ ಕಡೆ ಏಪ್ರಿಲ್ 25ರ ಆಸುಪಾಸಿನಲ್ಲಿ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ವಸ್ತುವಿಗೆ ನೆರಳೇ ಇರಲ್ಲ. ಸಮ ನೆಲದ ಮೇಲೆ ಒಂದಡಿ ಪೈಪ್ ತುಂಡು ನಿಲ್ಲಿಸಿ, 12:10ರಿಂದ 12:30ರವರೆಗೆ ಐದೈದು ನಿಮಿಷಕ್ಕೆ ಫೋಟೋ ತೆಗೆಯಿರಿ ಅಂದೆ. ಮಧ್ಯಾಹ್ನ ಅಪ್ಪನ ಫೋನ್ ಎಲ್ಲಿ ಸಿಗಬೇಕು? ಅದಕ್ಕೇ ಭಾನುವಾರ ನೋಡಿಕೊಂಡೆ. ಒಂದೆರಡು ದಿನ ಆಚೀಚೆ ಆದರೆ ಕಣ್ಣಿಗೆ ವ್ಯತ್ಯಾಸ ಕಾಣಲ್ಲ.

ಸಂಜೆ ಫೋಟೋಗಳು ಬಂದವು. ನಡುವೆ ಒಂದು ಹುಡುಗಿಯ ದನಿ: "ಸರ್, ನಮ್ದು ಇನ್ನಾ ಒಂದು ಬೆರಳು ಉಳದೈತ್ರಿ." ಅವಳ ಅಪ್ಪ ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು. ರಜೆಗೆ ಊರಿಗೆ ಹೋಗಿದ್ದರು. ತಪ್ಪು ಅಳತೆ ಅಂತ ಹುಡುಗರು ನಕ್ಕರು. ನಾನು ಉತ್ತರ ಹೇಳಲಿಲ್ಲ, ಮ್ಯಾಪ್ ತೆಗೆದು ನೋಡಿ ಅಂದೆ. ಎರಡು ದಿನ ಜಗಳವೇ ಜಗಳ. ಕೊನೆಗೆ ಒಬ್ಬ ಹಿಡಿದ: ಸೂರ್ಯ ದಿನದಿನ ಉತ್ತರಕ್ಕೆ ಸರಿಯುತ್ತಿದ್ದಾನೆ, ಕಲಬುರಗಿ ನಮಗಿಂತ ಉತ್ತರಕ್ಕಿದೆ, ಅಲ್ಲಿಗಿನ್ನೂ ತಲುಪಿಲ್ಲ. ತಲುಪುವುದು ಮೇ 9ರ ಹೊತ್ತಿಗೆ. ಅವತ್ತು ಎಲ್ಲರೂ ಅವಳ ಫೋಟೋಗೆ ಕಾದರು.

ನೀವೂ ಮಾಡುವುದಾದರೆ, ಯಾವ ಮಗು ಯಾವ ಊರಿಗೆ ಹೋಗುತ್ತೆ ಅಂತ ರಜೆಗೆ ಮೊದಲೇ ಬರೆದಿಟ್ಟುಕೊಳ್ಳಿ. ಸೂರ್ಯ ನೆತ್ತಿಯ ಮೇಲೆ ಬರುವುದು ಬೆಂಗಳೂರು, ಮಂಗಳೂರಲ್ಲಿ ಏಪ್ರಿಲ್ 24ರ ಸುಮಾರು, ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರ. ಆಗಸ್ಟ್ ಮಧ್ಯದಲ್ಲಿ ನಮ್ಮ ಕಡೆ ನೆರಳು ಇನ್ನೊಮ್ಮೆ ಮಾಯವಾಗುತ್ತೆ. ಆಗ ಮಕ್ಕಳೆಲ್ಲ ಶಾಲೆಯ ಅಂಗಳದಲ್ಲೇ ಇರುತ್ತಾರೆ, ಆದರೆ ಮೋಡ ಬಿಡಬೇಕಲ್ಲ.