ಫ್ರೆಂಚ್ ಸುದ್ದಿತಾಣ ಯಾವ ಕಡೆಗೆ ವಾಲಿದೆ? ಮೀಡಿಯಾಪಾರ್ಟ್ ಇಟ್ಟುಕೊಂಡು ನೋಡುವ ಬಗೆ

ರಫೇಲ್ ಯುದ್ಧವಿಮಾನ ಖರೀದಿಯ ಗದ್ದಲದ ನಡುವೆ, 2018ರ ಸೆಪ್ಟೆಂಬರ್‌ನಲ್ಲಿ, ರಿಲಯನ್ಸ್ ಪಾಲುದಾರಿಕೆಯಲ್ಲಿ ನಮಗೆ ಆಯ್ಕೆಯೇ ಇರಲಿಲ್ಲ ಎಂದು ಫ್ರಾನ್ಸ್‌ನ ಮಾಜಿ ಅಧ್ಯಕ್ಷ ಒಲಾಂದ್ ಹೇಳಿದ್ದು ಮೀಡಿಯಾಪಾರ್ಟ್ ಎಂಬ ಫ್ರೆಂಚ್ ಸುದ್ದಿತಾಣಕ್ಕೆ. ಭಾರತ ಸರ್ಕಾರವೂ ರಫೇಲ್ ತಯಾರಿಸುವ ಡಸಾಲ್ಟ್ ಕಂಪನಿಯೂ ಅದನ್ನು ಅಲ್ಲಗಳೆದವು. ಬೆಂಗಳೂರಿನ ಎಚ್‌ಎಎಲ್ ಯಾಕೆ ಹೊರಗುಳಿಯಿತು ಎಂಬ ಜಗಳ ಮಾತ್ರ ಇನ್ನಷ್ಟು ಜೋರಾಯಿತು. ಇಂಥ ಸುದ್ದಿ ಕೈಗೆ ಬಂದಾಗ, ಇವರು ಯಾರ ಕಡೆಯವರು ಎಂದು ಹೀಗೆ ನೋಡಿ.

ಮೊದಲು ದುಡ್ಡಿನ ಮೂಲ. ಮುಖಪುಟದ ತಳದಲ್ಲಿ ‘ಮಾನ್ಸಿಯೋಂ ಲೆಗಾಲ್’, ಅಂದರೆ ಕಾನೂನು ಪ್ರಕಾರ ಕೊಡಬೇಕಾದ ಮಾಹಿತಿ, ಎಂಬ ಕೊಂಡಿ ಇರುತ್ತದೆ. 2004ರ ಫ್ರೆಂಚ್ ಕಾನೂನಿನ ಪ್ರಕಾರ ಇರಲೇಬೇಕು. ಪ್ರಕಾಶಕ ಕಂಪನಿ, ಪ್ರಕಟಣೆಯ ಹೊಣೆ ಹೊತ್ತವರ ಹೆಸರು ಅಲ್ಲಿ ಸಿಗುತ್ತವೆ. ಆಮೇಲೆ ಆ ಕಂಪನಿಯ ಒಡೆತನ ಯಾರದೆಂದು ಹುಡುಕಿ. ‘ಲೆ ಫಿಗರೊ’ ಪತ್ರಿಕೆಗೆ ಇದನ್ನೇ ಮಾಡಿದರೆ ಸಿಗುವುದು ಡಸಾಲ್ಟ್ ಸಮೂಹ, ಅಂದರೆ ರಫೇಲ್ ತಯಾರಕರ ಮನೆತನ. ರಫೇಲ್ ಸುದ್ದಿಯನ್ನು ಅಲ್ಲಿ ಓದುವಾಗ ಇದು ನೆನಪಿರಲಿ. ಮೀಡಿಯಾಪಾರ್ಟ್ ಶುರುವಾದದ್ದು 2008ರ ಮಾರ್ಚ್ 16ರಂದು, ಜಾಹೀರಾತೇ ಇಲ್ಲದೆ, ತಿಂಗಳಿಗೆ 9 ಯೂರೊ ಚಂದಾದಿಂದ. ನೆಟ್‌ನಲ್ಲಿ ಸುದ್ದಿ ಪುಕ್ಕಟೆ ಸಿಗಬೇಕೆಂದು ಎಲ್ಲರೂ ನಂಬಿದ್ದ ಕಾಲ ಅದು. 2019ರಲ್ಲಿ ಒಡೆತನವನ್ನು ಲಾಭರಹಿತ ನಿಧಿಗೆ ವರ್ಗಾಯಿಸಿದರು.

ಆಮೇಲೆ ತಾಣವನ್ನು ಕಟ್ಟಿದವರು. ಮೀಡಿಯಾಪಾರ್ಟ್ ಕಟ್ಟಿದ ಎಡ್ವಿ ಪ್ಲೆನೆಲ್ ‘ಲೆ ಮಾಂಡ್’ ಪತ್ರಿಕೆಯ ಸಂಪಾದಕೀಯ ಮುಖ್ಯಸ್ಥರಾಗಿದ್ದವರು, ಯೌವನದಲ್ಲಿ ಕಡು ಎಡಪಂಥದ ಟ್ರಾಟ್‌ಸ್ಕಿವಾದಿ. ತಾಣದ ಒಲವು ಎಡಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಹಲವರು ಎಡವುವುದು ಇಲ್ಲೇ: ಎಡ ಎಂದರೆ ಎಡಪಕ್ಷದ ತುತ್ತೂರಿ ಎಂದುಕೊಳ್ಳುತ್ತಾರೆ. 2010ರಲ್ಲಿ ಇವರು ಹೊರಹಾಕಿದ ಬೆತಾಂಕೂರ್ ಧ್ವನಿಮುದ್ರಿಕೆಗಳು (ಲೊರಿಯಾಲ್ ಒಡತಿ ಲಿಲಿಯಾನ್ ಬೆತಾಂಕೂರ್ ಮನೆಯಲ್ಲಿ ಗುಟ್ಟಾಗಿ ಮುದ್ರಿಸಿಕೊಂಡ ಮಾತುಕತೆ) ಬಲಪಂಥೀಯ ಸಾರ್ಕೋಜಿ ಸರ್ಕಾರವನ್ನು ಅಲುಗಾಡಿಸಿದವು, ನಿಜ. 2012ರ ಡಿಸೆಂಬರ್‌ನಲ್ಲಿ ಸಮಾಜವಾದಿ ಸರ್ಕಾರದ ಬಜೆಟ್ ಸಚಿವ ಜೆರೋಮ್ ಕಾಯುಜಾಕ್ ಅವರ ಗುಪ್ತ ಸ್ವಿಸ್ ಖಾತೆಯನ್ನು ಹೊರಗೆಳೆದದ್ದೂ ಇದೇ ತಾಣ. ಸಂಸತ್ತಿನಲ್ಲೇ ಅಲ್ಲಗಳೆದಿದ್ದ ಅವರು ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು, ಏಪ್ರಿಲ್ 2ರಂದು ಒಪ್ಪಿಕೊಂಡರು. ಹಾಗಾಗಿ ಒಂದು ವರದಿ ನೋಡಿ ತೀರ್ಮಾನಿಸಬೇಡಿ. ಎರಡು ಬೇರೆ ಪಕ್ಷಗಳ ಸರ್ಕಾರಗಳ ಕಾಲದ ವರದಿಗಳನ್ನು ಪಕ್ಕಪಕ್ಕ ಇಡಿ. ಒಲವು ಎದ್ದು ಕಾಣುವುದು ಯಾವ ವಿಷಯ ಆರಿಸಿಕೊಳ್ಳುತ್ತಾರೆ ಎನ್ನುವುದರಲ್ಲಿ: ಪೊಲೀಸ್ ದೌರ್ಜನ್ಯ, ವಲಸಿಗರು, ಮಹಿಳೆಯರ ದೂರುಗಳು.

ಬರಹದ ಜಾತಿಯನ್ನೂ ನೋಡಿ. ‘ಪಾರ್ತಿ ಪ್ರಿ’ ಎಂಬ ಹಣೆಪಟ್ಟಿ ಇದ್ದರೆ ಅದು ಅಭಿಪ್ರಾಯ. ವೆಬ್ ವಿಳಾಸ ‘ಬ್ಲಾಗ್ಸ್’ ಎಂದು ಶುರುವಾದರೆ ಬರೆದವರು ಚಂದಾದಾರರು, ಸಂಪಾದಕ ಬಳಗವಲ್ಲ. ಅದನ್ನು ‘ಮೀಡಿಯಾಪಾರ್ಟ್ ವರದಿ’ ಎಂದು ಹಂಚಬಾರದು. ತನಿಖಾ ವರದಿಯ ಕೊನೆಯಲ್ಲಿ ‘ಬ್ವಾತ್ ನ್ವಾರ್’, ಅಂದರೆ ಕಪ್ಪುಪೆಟ್ಟಿಗೆ, ಇದೆಯೇ ನೋಡಿ. ಯಾರನ್ನು ಯಾವಾಗ ಸಂಪರ್ಕಿಸಿದೆವು, ಯಾರು ಉತ್ತರಿಸಲಿಲ್ಲ ಎಂಬುದನ್ನು ಅಲ್ಲಿ ಬಿಚ್ಚಿಡುತ್ತಾರೆ. ನಾವಂತೂ ಮೊದಲು ಓದುವುದು ಅದನ್ನೇ.

ಕೊನೆಗೆ ಯಂತ್ರಾನುವಾದದ ಕಾಟ. ಖಚಿತವಾಗದ್ದನ್ನು ಫ್ರೆಂಚ್ ವರದಿಗಾರರು ಕ್ರಿಯಾಪದದ ಬೇರೊಂದು ರೂಪದಲ್ಲಿ ಬರೆಯುತ್ತಾರೆ, ನಮ್ಮ ‘ಹಣ ಪಡೆದರಂತೆ’ ಇದ್ದ ಹಾಗೆ. ಅನುವಾದದಲ್ಲಿ ಆ ‘ಅಂತೆ’ ಉದುರಿಹೋಗಿ ‘ಪಡೆದರು’ ಆಗಿಬಿಡಬಹುದು. ‘ಮಿಝಾನೆಗ್ಜಾಮೆಂ’ ಎಂದರೆ ತನಿಖಾ ನ್ಯಾಯಾಧೀಶರು ವಿಧಿವತ್ತಾಗಿ ತನಿಖೆಗೆ ಒಳಪಡಿಸಿದ್ದಾರೆ ಎಂದಷ್ಟೇ, ಅಪರಾಧಿ ಎಂದಲ್ಲ. ಇನ್ನು ‘ಲಿಬೆರಾಲ್’: ಅಮೆರಿಕದ ಅರ್ಥದಲ್ಲಿ ಎಡಪಂಥೀಯ ಎಂದು ಓದಿದರೆ ಇಡೀ ಲೇಖನ ತಲೆಕೆಳಗಾಗುತ್ತದೆ. ಫ್ರಾನ್ಸ್‌ನ ರಾಜಕೀಯ ಮಾತಿನಲ್ಲಿ ಅದು ಹೆಚ್ಚಾಗಿ ಮುಕ್ತ ಮಾರುಕಟ್ಟೆಯವರಿಗೆ ಹೇಳುವ ಮಾತು.